ಬೈಪಾಸ್ ಆದಮೇಲೆ ಆಫೀಸು

ಬೈಪಾಸ್ ಆಗಿ ಮೂರು ತಿಂಗಳಾಯ್ತು, ಸೋಮವಾರದಿಂದ ಆಫೀಸಿಗೆ ಹೋಗ್ತಿದೀನಿ. ಸೀಳಿದ ಎದೆಮೂಳೆಯನ್ನ ತಂತಿ ಹಾಕಿ ಬಿಗಿದಿದ್ದಾರೆ. ಕೆಮ್ಮು ಬಂದ್ರೆ ಈಗಲೂ ಕೈ ತಾನಾಗೇ ಎದೆಗೆ ಹೋಗುತ್ತೆ. ಆದ್ರೆ ಎದೆಗಿಂತ ಜಾಸ್ತಿ ನೋಯೋದು ರಕ್ತನಾಳ ತೆಗೆದ ಕಾಲು! ಇನ್ನೂ ಸ್ವಲ್ಪ ದಿನ ಭಾರ ಎತ್ತಬೇಡಿ ಅಂದಿದ್ದಾರೆ ಡಾಕ್ಟ್ರು. ರೆಕಾರ್ಡ್ ರೂಮಿನ ಫೈಲ್ ಕಟ್ಟುಗಳನ್ನ ನಮ್ಮ ಹೊರಗುತ್ತಿಗೆ ಅಟೆಂಡರಣ್ಣ ತಂದಿಡ್ತಾರೆ, ಬೇಡ ಅಂದ್ರೂ ಕೇಳಲ್ಲ.

ಅವರಿಗೂ ಹೋದ ವರ್ಷ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ರು. ಹತ್ತನೇ ದಿನಕ್ಕೇ ಡ್ಯೂಟಿಗೆ ಬಂದಿದ್ರು. 'ಬರದಿದ್ರೆ ಸಂಬಳ ಕಟ್ಟು ಸಾ, ಏನ್ಮಾಡ್ಲಿ' ಅಂದ್ರು. ನಾನು ಕಾಯಂ ನೌಕರ. ಡಾಕ್ಟರ ಸರ್ಟಿಫಿಕೇಟ್ ಕೊಟ್ಟೆ, ರಜೆ ಸಿಕ್ತು. ಇಬ್ಬರೂ ಕೇರಿಯಿಂದ ಬಂದವರೇ.

ಅವರ ಸಂಬಳದಲ್ಲಿ ತಿಂಗಳು ತಿಂಗಳೂ ಇಎಸ್‌ಐ ಹಿಡೀತಾರೆ. ಅದರಲ್ಲಿ ಕಾಯಿಲೆ ಬಿದ್ದವರಿಗೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70ರಷ್ಟು ಕೊಡೋ ನಿಯಮ ಇದೆ. ಬಾಬಾಸಾಹೇಬರು 1942ರಿಂದ 46ರವರೆಗೆ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ ಈ ವಿಮೆಗೆ ತಳಪಾಯ ಬಿದ್ದಿದ್ದು. ಆದ್ರೆ ಕಂಟ್ರಾಕ್ಟರು ಅಣ್ಣನಿಗೆ ಇಎಸ್‌ಐ ನಂಬರನ್ನೇ ಕೊಟ್ಟಿಲ್ಲ!

ನಾಳೆ ಅವರ ಸಂಬಳದ ಚೀಟಿ ಹಿಡ್ಕೊಂಡು ಇಬ್ಬರೂ ಇಎಸ್‌ಐ ಆಫೀಸಿಗೆ ಹೋಗ್ತಿದೀವಿ. ನಿಮ್ಮ ಆಫೀಸಿನ ಗುತ್ತಿಗೆಯವರ ಚೀಟಿಯನ್ನೂ ಒಮ್ಮೆ ಕೇಳಿ ನೋಡಿ.