ಲಿಮ್‌ಫ್ಯೋರ್ಡ್ ದಂಡೆಯ ಗಡಿಯಾರಗಳು

ಡೆನ್ಮಾರ್ಕಿನ ಭೂಪಟ ಬಿಡಿಸಿದರೆ ಜಟ್‌ಲೆಂಡಿನ ನೆತ್ತಿಯನ್ನು ಒಂದು ನೀಲಿ ಗೆರೆ ಅಡ್ಡಕ್ಕೆ ಸೀಳಿಕೊಂಡು ಹೋಗಿರುವುದು ಕಾಣುತ್ತದೆ. ಅದು ಲಿಮ್‌ಫ್ಯೋರ್ಡ್. ನದಿಯಲ್ಲ, ಪೂರ್ತಿ ಕಡಲೂ ಅಲ್ಲ. ಪೂರ್ವದ ಕಾಟೆಗಾಟಿನಿಂದ ಪಶ್ಚಿಮದ ಉತ್ತರ ಸಮುದ್ರದವರೆಗೆ ಹಿಗ್ಗುತ್ತ ಕುಗ್ಗುತ್ತ ಹಬ್ಬಿದ ಉಪ್ಪುನೀರು. 1825ರ ಬಿರುಗಾಳಿಯೊಂದು ಪಶ್ಚಿಮದ ಮರಳಿನ ದಿಣ್ಣೆಯನ್ನು ಒಡೆದ ಮೇಲೆ ಉತ್ತರದ ನೆಲವೆಲ್ಲ ದ್ವೀಪವಾಗಿಬಿಟ್ಟಿತು. ಈ ನೀರಿನ ಪೂರ್ವದ ಕಡೆ ಆಲ್ಬೋರ್ಗ್, ಪಶ್ಚಿಮದ ಕಡೆ ಸ್ಟ್ರುವರ್. ಅಲ್ಲಿ ವಿಶ್ವವಿದ್ಯಾಲಯ, ಇಲ್ಲಿ ರೇಡಿಯೋ, ಟೀವಿ, ಸ್ಪೀಕರು ಮಾಡುವ ಬ್ಯಾಂಗ್ ಅಂಡ್ ಓಲುಫ್ಸೆನ್. 1990ರ ದಶಕದಲ್ಲಿ ಈ ಎರಡು ಊರುಗಳ ನಡುವೆ ಒಂದು ಅಪರೂಪದ ಪತ್ತೇದಾರಿ ನಡೆಯಿತು. ಕಳ್ಳ ಅಡಗಿದ್ದದ್ದು ಮನೆಯಲ್ಲಲ್ಲ, ಮೈಕ್ರೋಸೆಕೆಂಡುಗಳ ಸಂದಿಯಲ್ಲಿ.

ಆಲ್ಬೋರ್ಗಿನಲ್ಲಿ ಓದುತ್ತಿರುವ ಅಣ್ಣನ ಮಗಳು ನನಗೆ ಮಾರ್ಗದರ್ಶಿ. ಊರನ್ನು ಬೇಗ ಮುಗಿಸಿದೆವು. ನೀರಿನ ಅಂಚಿಗೆ ಉಟ್ಸೋನ್ ಸೆಂಟರ್ ಇದೆ. ಸಿಡ್ನಿಯ ಆಪೆರಾ ಹೌಸಿನ ಶಿಲ್ಪಿ ಬೆಳೆದ ಊರು ಇದು. ಚೆಂದವೇ, ಆದರೆ ನನ್ನ ಕಾಲು ಊರಾಚೆಯ ಕ್ಯಾಂಪಸ್ಸಿನ ಕಡೆಗೆ ಎಳೆಯುತ್ತಿತ್ತು. ಅಲ್ಲಿನ ಕಿಮ್ ಲಾರ್ಸೆನ್ ತಂಡವೂ ಸ್ವೀಡನ್ನಿನ ಉಪ್ಸಾಲದ ವಾಂಗ್ ಯಿ ಮತ್ತು ಪಾಲ್ ಪೆಟರ್ಸನ್ ತಂಡವೂ ಸೇರಿ 1995ರಲ್ಲಿ ಹೊರತಂದ ತಂತ್ರಾಂಶ ಉಪ್ಪಾಲ್. ಸಮಯಕ್ಕೆ ಸರಿಯಾಗಿ ನಡೆಯಬೇಕಾದ ಯಂತ್ರವೊಂದು ನಿಜಕ್ಕೂ ಹಾಗೆ ನಡೆಯುತ್ತದೆಯೇ ಎಂದು, ಯಂತ್ರವನ್ನು ಮುಟ್ಟದೆ, ಗಣಿತದಿಂದಲೇ ಹೇಳುವುದು ಅದರ ಕೆಲಸ.

ಖಾಲಿಯಿದ್ದ ತರಗತಿಯೊಂದರ ಬೋರ್ಡಿನ ಮೇಲೆ ಹುಡುಗಿ ವೃತ್ತಗಳನ್ನೂ ಬಾಣಗಳನ್ನೂ ಬರೆದಳು. ವೃತ್ತವೆಂದರೆ ಯಂತ್ರದ ಒಂದು ಸ್ಥಿತಿ, ಬಾಣವೆಂದರೆ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಜಿಗಿತ. ಇಷ್ಟು ಎಲ್ಲರಿಗೂ ಗೊತ್ತಿರುವುದೇ. ಹೊಸದೆಂದರೆ ಪ್ರತಿ ಚಿತ್ರದ ಜೊತೆ ಒಂದೋ ಎರಡೋ ಗಡಿಯಾರಗಳಿರುತ್ತವೆ. ಎಲ್ಲವೂ ಒಂದೇ ವೇಗದಲ್ಲಿ ಓಡುತ್ತವೆ. ಬಾಣ ದಾಟುವಾಗ ಬೇಕಾದ ಗಡಿಯಾರವನ್ನು ಸೊನ್ನೆಗೆ ತಿರುಗಿಸಬಹುದು. "ಗಡಿಯಾರ 35 ದಾಟಿದ್ದರೆ ಮಾತ್ರ ಈ ದಾರಿ" ಎಂದು ಕಾವಲು ಹಾಕಬಹುದು.

"ಟೀವಿಯಲ್ಲಿ ತುಟಿ ಒಂದ್ ಕಡೆ, ಮಾತು ಒಂದ್ ಕಡೆ ಆಗತ್ತಲ್ಲ ಚಿಕ್ಕಪ್ಪ, ಅದನ್ನೂ ಹೀಗೇ ಬರೀತಾರೆ" ಎಂದಳು. ಈ ವಿದ್ಯೆ ಕಲಿಯುವವರಿಗೆ ಅದು ಹಳೆಯ ಪಾಠವಂತೆ. ಧ್ವನಿಯ ಪೊಟ್ಟಣ ಸರಿಯಾಗಿ 30 ಮಿಲಿಸೆಕೆಂಡಿಗೊಂದು, ಅದರಲ್ಲಿ ಏರುಪೇರು ಇಲ್ಲ, ಯಾಕೆಂದರೆ ಕಿವಿ ಕ್ಷಮಿಸುವುದಿಲ್ಲ. ಚಿತ್ರ 40ಕ್ಕೊಂದು, ಆದರೆ 35ರಿಂದ 45ರ ನಡುವೆ ಎಲ್ಲಿ ಬಂದರೂ ನಡೆದೀತು. ಕಣ್ಣು ಸ್ವಲ್ಪ ಉದಾರಿ. ಎರಡರ ನಡುವಿನ ಅಂತರ ಮಿತಿ ಮೀರಿದರೆ ಯಂತ್ರ "ದೋಷ" ಎಂಬ ವೃತ್ತಕ್ಕೆ ಬೀಳುತ್ತದೆ. ಆಮೇಲೆ ಉಳಿಯುವುದು ಒಂದೇ ಪ್ರಶ್ನೆ: ಯಾವ ದಾರಿಯಿಂದಲಾದರೂ ಆ ವೃತ್ತಕ್ಕೆ ಹೋಗಲು ಸಾಧ್ಯವೇ? ಸಿನಿಮಾ ನೋಡುವಾಗ ನಾವು ಬೈದು ಸುಮ್ಮನಾಗುವ ಸಂಗತಿಗೆ ಇಷ್ಟು ಕಟ್ಟುನಿಟ್ಟಾದ ರೂಪ ಇದೆಯೆಂದು ನಾನು ಎಣಿಸಿರಲಿಲ್ಲ.

ಮಾರನೆಯ ದಿನ ಸ್ಟ್ರುವರಿಗೆ ಹೊರಟೆವು. ರೈಲು ನೀರಿನ ದಂಡೆಗುಂಟ ಹೋಗುವುದಿಲ್ಲ. ಮೊದಲು ದಕ್ಷಿಣಕ್ಕಿಳಿದು ಹೊಬ್ರೊ, ರಾಂಡರ್ಸ್ ದಾಟಿ ಲಾಂಗೋದಲ್ಲಿ ಬದಲಿಸಿ, ಅಲ್ಲಿಂದ ವಿಬೋರ್ಗ್, ಸ್ಕೀವ ಹಾದು ವಾಯವ್ಯಕ್ಕೆ. ಲಾಂಗೋದಿಂದಾಚೆ ನಮ್ಮ ಸಕಲೇಶಪುರದ ಘಟ್ಟದ ಹಾಗೆ ಒಂದೇ ಹಳಿ. ಎದುರಿನ ಗಾಡಿ ಬಂದು ಸರಿಯುವವರೆಗೆ ನಮ್ಮದು ಒಂದು ಸಣ್ಣ ನಿಲ್ದಾಣದಲ್ಲಿ ಕಾದಿತು. ಹೊರಗೆ ಹಸಿರು ಗೋಧಿ, ದೂರದಲ್ಲಿ ತಿರುಗುವ ಗಾಳಿಯಂತ್ರಗಳು, ಜೂನ್ ತಿಂಗಳ ಮುಗಿಯದ ಬೆಳಕು. ಬ್ಯಾಂಗ್ ಅಂಡ್ ಓಲುಫ್ಸೆನ್ನಿನವರ ಸಮಸ್ಯೆ ತಿಳಿಯಲು ಆ ಹಳಿಗಿಂತ ಒಳ್ಳೆಯ ಉದಾಹರಣೆ ಬೇಕಿರಲಿಲ್ಲ. ಅವರ ಟೀವಿ, ರೇಡಿಯೋ, ಟೇಪುಗಳೆಲ್ಲ ಒಂದೇ ತಂತಿಯ ಮೇಲೆ ಮಾತಾಡಿಕೊಳ್ಳುತ್ತಿದ್ದವು. ರೈಲಿಗೆ ಸ್ಟೇಷನ್ ಮಾಸ್ಟರ್ ಉಂಟು, ತಂತಿಗೆ ಇಲ್ಲ. ಎರಡು ಪೆಟ್ಟಿಗೆಗಳು ಒಟ್ಟಿಗೇ ಮಾತು ಶುರುಮಾಡಿದರೆ ಡಿಕ್ಕಿ. ಆದ್ದರಿಂದ ಮಾತಾಡುವ ಪ್ರತಿಯೊಂದು ಪೆಟ್ಟಿಗೆಯೂ ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳುತ್ತಿರಬೇಕು. ತಾನು ಕಳಿಸಿದ್ದೊಂದು, ತಂತಿಯಲ್ಲಿ ಕೇಳಿದ್ದು ಇನ್ನೊಂದು ಆದರೆ ಡಿಕ್ಕಿಯಾಗಿದೆ ಎಂದರ್ಥ. ಆಗ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಹೇಳಬೇಕು.

ಈ ಶಿಷ್ಟಾಚಾರ ಸುಮಾರು 2800 ಸಾಲಿನ ಅಸೆಂಬ್ಲಿ ಸಂಕೇತದಲ್ಲಿ ಇತ್ತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಜನರ ಮನೆಗಳಲ್ಲಿ ದುಡಿದಿತ್ತು. ಆದರೆ ಆಗೊಮ್ಮೆ ಈಗೊಮ್ಮೆ ಒಂದು ಸಂದೇಶ ಕಾಣೆಯಾಗುತ್ತಿತ್ತು. ಕಂಪನಿಯವರಿಗೆ ಅದು ಗೊತ್ತಿತ್ತು, ಎಷ್ಟು ಪರೀಕ್ಷೆ ಮಾಡಿದರೂ ಎಲ್ಲಿ ಎಂದು ತಿಳಿಯಲಿಲ್ಲ. ರಿಮೋಟ್ ಒತ್ತಿದಾಗ ಏನೂ ಆಗದಿದ್ದರೆ ಮನೆಯವರು ಇನ್ನೊಮ್ಮೆ ಒತ್ತುತ್ತಾರೆ, ಅಷ್ಟೇ. ಮುಂದಿನ ಪೀಳಿಗೆಯ ವ್ಯವಸ್ಥೆಯಲ್ಲಿ ಮಾತ್ರ ಇನ್ನೊಮ್ಮೆ ಒತ್ತಲು ಮನುಷ್ಯರು ಇರುತ್ತಿರಲಿಲ್ಲ. ಅಲ್ಲಿ ಇದೇ ದೋಷ ಮಾರಕವಾಗುತ್ತಿತ್ತು.

ಕ್ಲೌಸ್ ಹಾವೆಲುಂಡ್, ಆರ್ನೆ ಸ್ಕೋವ್, ಕಿಮ್ ಲಾರ್ಸೆನ್ ಮತ್ತು ಕ್ರಿಸ್ಟಿಯಾನ್ ಲುಂಡ್ ಆ ಸಂಕೇತವನ್ನು ವೃತ್ತ, ಬಾಣ, ಗಡಿಯಾರಗಳಾಗಿ ಬರೆದರು. 1997ರಲ್ಲಿ ಪ್ರಕಟಿಸಿದರು. ಆ ಮಾದರಿ ಇಂದಿಗೂ ಉಪ್ಪಾಲ್ ಜೊತೆ ಉದಾಹರಣೆಯಾಗಿ ಬರುತ್ತದೆ. ಹುಡುಗಿ ಲ್ಯಾಪ್‌ಟಾಪನ್ನು ರೈಲಿನ ಮಡಚುಮೇಜಿನ ಮೇಲೆ ತೆರೆದಳು. ಪರದೆಯ ತುಂಬ 781 ಎಂಬ ಅಂಕಿ; ತಂತಿಯ ಮೇಲೆ ಕಿವಿಯಿಡುವ ಅಂತರ, ಮೈಕ್ರೋಸೆಕೆಂಡಿನ ಲೆಕ್ಕದಲ್ಲಿ. ಕೇಳಿದ ಪ್ರಶ್ನೆ ಇಷ್ಟು: ಡಿಕ್ಕಿಯಲ್ಲಿ ಮಾತು ಕೆಟ್ಟುಹೋದರೆ, ಆಡಿದವನಿಗೆ ಅದು ಗೊತ್ತಾಗಿಯೇ ತೀರುತ್ತದೆಯೇ? ಉತ್ತರ: ಇಲ್ಲ. ಬರೀ ಇಲ್ಲ ಎಂದಲ್ಲ, ಯಾಕೆ ಇಲ್ಲ ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ನಡೆದು ತೋರಿಸಿತು. ಈ ಪೆಟ್ಟಿಗೆ ಇಷ್ಟು ಹೊತ್ತಿಗೆ ಶುರುಮಾಡಿತು, ಆ ಪೆಟ್ಟಿಗೆ ಇಷ್ಟು ತಡವಾಗಿ, ಎರಡರ ಕೇಳಿಸಿಕೊಳ್ಳುವ ಗಳಿಗೆಗಳು ಹೀಗೆ ಸರಿದವು, ಮಾತು ಕೆಟ್ಟಿತು, ಯಾರಿಗೂ ತಿಳಿಯಲಿಲ್ಲ. ತಜ್ಞರು ಆ ಜಾಡಿನಿಂದಲೇ ಸಂಕೇತದಲ್ಲಿನ ತಪ್ಪನ್ನು ಹಿಡಿದು ತಿದ್ದಿದರು. ತಿದ್ದಿದ ಮಾದರಿಯೂ ಪಕ್ಕದ ಕಡತದಲ್ಲಿತ್ತು. ಅದಕ್ಕೆ ಅದೇ ಪ್ರಶ್ನೆ ಹಾಕಿದರೆ ಹೌದು ಎಂದಿತು.

ನನ್ನನ್ನು ಕಾಡಿದ್ದು ಆ "ಹೌದು". ಪರೀಕ್ಷೆ ಎಷ್ಟು ಸಾವಿರ ಸಲ ಮಾಡಿದರೂ ಮಾಡದ ಒಂದು ಸಲ ಉಳಿದೇ ಇರುತ್ತದೆ. ಅದೂ ಕಾಲದ ವಿಷಯದಲ್ಲಿ. ಒಂದು ಮಿಲಿಸೆಕೆಂಡಿಗೂ ಎರಡು ಮಿಲಿಸೆಕೆಂಡಿಗೂ ನಡುವೆ ಎಣಿಕೆಯಿಲ್ಲದಷ್ಟು ಗಳಿಗೆಗಳಿವೆ. ಹಾಗಿರುವಾಗ ಯಾವ ಗಳಿಗೆಯಲ್ಲೂ ತಪ್ಪಾಗದು ಎಂದು ಲ್ಯಾಪ್‌ಟಾಪು ಹೇಗೆ ಹೇಳಬಲ್ಲದು?

ಹುಡುಗಿ ನನ್ನ ಕೈಲಿದ್ದ ಪತ್ರಿಕೆಯ ಅಂಚಿನಲ್ಲಿ ಎರಡು ಗೆರೆ ಎಳೆದಳು. ಅಡ್ಡಗೆರೆ ಒಂದು ಗಡಿಯಾರ, ನಿಂತ ಗೆರೆ ಇನ್ನೊಂದು. ಹಾಳೆಯ ಪ್ರತಿ ಚುಕ್ಕಿಯೂ ಎರಡು ಗಡಿಯಾರಗಳ ಒಂದು ಓದು. ಯಂತ್ರ ಮೊದಲ ಗಡಿಯಾರವನ್ನು 2ರ ಆಚೆ ವಿಚಾರಿಸುವುದಿಲ್ಲ, ಎರಡನೆಯದನ್ನು 1ರ ಆಚೆ ವಿಚಾರಿಸುವುದಿಲ್ಲ ಎಂದುಕೊಳ್ಳಿ. ಹಾಗಾದರೆ ಯಂತ್ರಕ್ಕೆ ಬೇಕಾದದ್ದು ಮೂರೇ ಸಂಗತಿ: ಗಡಿಯಾರ ಯಾವ ಪೂರ್ಣಾಂಕ ದಾಟಿದೆ, ಸರಿಯಾಗಿ ಅದರ ಮೇಲೇ ನಿಂತಿದೆಯೇ, ಮತ್ತು ಮುಂದಿನ ಪೂರ್ಣಾಂಕವನ್ನು ಎರಡರಲ್ಲಿ ಯಾವುದು ಮೊದಲು ಮುಟ್ಟುತ್ತದೆ. ಇದರಂತೆ ಹಾಳೆಯನ್ನು ಕತ್ತರಿಸಿದರೆ 6 ಮೂಲೆಚುಕ್ಕಿ, 14 ಗೆರೆತುಂಡು, 8 ಬಯಲು. ಒಟ್ಟು 28. ನಾನೂ ಬೆರಳಿಟ್ಟು ಎಣಿಸಿದೆ. ಒಂದೇ ತುಂಡಿನೊಳಗಿನ ಎಲ್ಲ ಗಳಿಗೆಗಳಿಗೂ ಯಂತ್ರದ ಮಟ್ಟಿಗೆ ಒಂದೇ ಭವಿಷ್ಯ. ಅನಂತವಾದ ಕಾಲ 28 ಕೋಣೆಗಳ ಮನೆಯಾಯಿತು, ಇನ್ನು ಒಂದೊಂದೇ ಬಾಗಿಲು ತೆರೆದು ನೋಡಬಹುದು!

ಇದನ್ನು 1990ರಲ್ಲಿ ಕಂಡವರು ಆಗ ಸ್ಟ್ಯಾನ್‌ಫರ್ಡಿನಲ್ಲಿದ್ದ ರಾಜೀವ್ ಆಲೂರ್ ಮತ್ತು ಡೇವಿಡ್ ಡಿಲ್. ಆಲೂರ್ ಕಾನ್ಪುರದ ಐಐಟಿಯಲ್ಲಿ ಓದಿದವರು. ನಿಜದ ಯಂತ್ರಗಳಲ್ಲಿ ಕೋಣೆಗಳು ಲೆಕ್ಕ ತಪ್ಪುವಷ್ಟು ಬೆಳೆಯುತ್ತವೆ. ಅದಕ್ಕೇ ಉಪ್ಪಾಲಿನಂಥವು ಅಕ್ಕಪಕ್ಕದ ಕೋಣೆಗಳನ್ನು ಸೇರಿಸಿ ದೊಡ್ಡ ತುಂಡುಗಳಲ್ಲಿ ಲೆಕ್ಕ ಮಾಡುತ್ತವೆ. ಆದರೂ ಮೂಲ ಬೆರಗು ಆ 28ರಲ್ಲೇ ಇದೆ. ತಪ್ಪಾಗದು ಎಂಬ ಪ್ರಮಾಣವನ್ನು ತಂತ್ರಾಂಶದ ನೆರವಿಲ್ಲದೆಯೂ ಬರೆಯಬಹುದು. ಹಾಲೆಂಡಿನ ಫಿಲಿಪ್ಸ್‌ನವರ ಆಡಿಯೋ ಪೆಟ್ಟಿಗೆಗಳ ಶಿಷ್ಟಾಚಾರವೊಂದಕ್ಕೆ 1994ರಲ್ಲಿ ಬೋಷರ್, ಪೋಲಕ್, ವಾಂಡ್ರಾಗರ್ ಎಂಬ ಮೂವರು ಕೈಯಿಂದಲೇ ಇಂಥದೊಂದು ಪ್ರಮಾಣ ಬರೆದಿದ್ದರು. ಅಗ್ಗದ ಗಡಿಯಾರಗಳು ಶೇಕಡ 5ರಷ್ಟು ಹಿಂದೆಮುಂದೆ ಆಗಬಹುದೆಂದು ಎಂಜಿನಿಯರುಗಳು ಬಿಟ್ಟಿದ್ದರು. ಗಣಿತ ಹೇಳಿತು: ಹದಿನೇಳರಲ್ಲಿ ಒಂದು ಪಾಲಿಗಿಂತ ಕಡಿಮೆ ಇರುವ ತನಕ ಕ್ಷೇಮ. ಶೇಕಡ 5 ಎಂದರೆ ಇಪ್ಪತ್ತರಲ್ಲಿ ಒಂದು. ಬದುಕಿಕೊಂಡರು! ಎಷ್ಟು ಕಿರಿದಾದ ಅಂಚಿನ ಮೇಲೆ ನಮ್ಮ ಸಂಗೀತ ನಡೆಯುತ್ತದೆ.

ಸ್ಟ್ರುವರ್ ತನ್ನನ್ನು ಧ್ವನಿಯ ಊರು ಎಂದು ಕರೆದುಕೊಳ್ಳುತ್ತದೆ. ನಿಲ್ದಾಣದಿಂದ ಕೆಳಗಿಳಿದರೆ ಬಂದರು, ದೋಣಿಗಳ ಕಂಬಗಳಿಗೆ ಹಗ್ಗ ಬಡಿಯುವ ಸದ್ದು. 1925ರಲ್ಲಿ ಪೀಟರ್ ಬ್ಯಾಂಗ್, ಸ್ವೆಂಡ್ ಓಲುಫ್ಸೆನ್ ಎಂಬ ಇಬ್ಬರು ತರುಣ ಎಂಜಿನಿಯರುಗಳು ಪಕ್ಕದ ಕ್ವಿಸ್ಟ್ರುಪ್ ಜಮೀನುದಾರಿ ಮನೆಯಲ್ಲಿ ಕೆಲಸ ಆರಂಭಿಸಿದರು. ಬ್ಯಾಟರಿ ಬೇಡದೆ ಮನೆಯ ಕರೆಂಟಿಗೆ ರೇಡಿಯೋ ಜೋಡಿಸುವ ಸಾಧನ ಅವರ ಮೊದಲ ಗೆಲುವು. 1945ರ ಜನವರಿಯಲ್ಲಿ ನಾಜಿ ಪರವಾದ ವಿಧ್ವಂಸಕರು ಕಾರ್ಖಾನೆಯನ್ನು ಸ್ಫೋಟಿಸಿದರು, ಕಂಪನಿಯವರು ಮತ್ತೆ ಕಟ್ಟಿದರು. ಊರಿನ ವಸ್ತುಸಂಗ್ರಹಾಲಯದಲ್ಲಿ ಈ ಕಥೆಯೆಲ್ಲ ಪೆಟ್ಟಿಗೆಗಳ ರೂಪದಲ್ಲಿ ಸಾಲಾಗಿ ನಿಂತಿದೆ. ಮರದವು, ಬೇಕಲೈಟಿನವು, ಆಮೇಲೆ ಯಾಕೋಬ್ ಯೆನ್ಸನ್ ವಿನ್ಯಾಸದ ತೆಳ್ಳನೆಯ ಅಲ್ಯೂಮಿನಿಯಂ. 1996ರ ಬಿಯೋಸೌಂಡ್ 9000 ಎದುರು ನಾವು ಬಹಳ ಹೊತ್ತು ನಿಂತೆವು: ಆರು ಸೀಡಿಗಳು ಗಾಜಿನ ಕೆಳಗೆ ಸಾಲಾಗಿ ಮಲಗಿವೆ, ಓದುವ ತಲೆ ಅವುಗಳ ಮೇಲೆ ಸರ್ರನೆ ಓಡುತ್ತದೆ. ಎಲ್ಲರೂ ಅದರ ಅಂದವನ್ನೇ ನೋಡುತ್ತಾರೆ. ನನ್ನ ಕಣ್ಣು ಹಿಂಬದಿಯ ತಂತಿಯ ತೂತುಗಳ ಮೇಲೆ. ಈ ಊರಿನ ನಿಜವಾದ ಸಾಹಸ ಅಲ್ಲಿ ನಡೆದಿದೆ ಎಂದು ಬರೆದ ಒಂದು ಫಲಕವನ್ನಾದರೂ ಇಡಬಾರದಿತ್ತೇ ಅನ್ನಿಸಿತು.

ಬ್ಯಾಂಗ್ ಅಂಡ್ ಓಲುಫ್ಸೆನ್ನಿನವರು ಆ ಡಿಕ್ಕಿಯ ದೋಷ ತಿದ್ದುವಲ್ಲಿಗೇ ನಿಲ್ಲಿಸಲಿಲ್ಲ. ಕೆಲಸವಿಲ್ಲದಾಗ ಪೆಟ್ಟಿಗೆ ನಿದ್ದೆಹೋಗಿ, ಸಂದೇಶ ಬಂದ ಕೂಡಲೇ ಒಂದನ್ನೂ ಕಳೆಯದೆ ಏಳಬೇಕೆಂಬ ಇನ್ನೊಂದು ಯೋಜನೆ ಇತ್ತು. ಈ ಸಲ ವಿಶ್ವವಿದ್ಯಾಲಯದವರನ್ನು ಸಂಕೇತ ಬರೆಯುವ ಮೊದಲೇ ಸೇರಿಸಿಕೊಂಡರು. ಮಾದರಿ ಬರೆಯುವಾಗಲೇ ವಿನ್ಯಾಸದ ಮೂರು ತಪ್ಪುಗಳು ಸಿಕ್ಕವು, ತಿದ್ದಿದರು. ಆಮೇಲಿನ ಲೆಕ್ಕ ವಿನ್ಯಾಸ ಸರಿಯೆಂದಿತು. ಒಂದು ಷರತ್ತಿನ ಮೇಲೆ: ಎಬ್ಬಿಸುವ ಕರೆಗಳು ಒಂದು ಮಿತಿಗಿಂತ ಬೇಗಬೇಗ ಬರಕೂಡದು.

"ಬೇಗಬೇಗ ಬಂದರೆ?" ಎಂದೆ.

"ಬಂದರೆ ಪ್ರಮಾಣ ಇಲ್ಲ ಚಿಕ್ಕಪ್ಪ. ಆ ಮಿತಿ ಮೀರಿ ಬರೋದು ಮಾದರಿಯೊಳಗೆ ಇರಲ್ಲವಲ್ಲ. ಆ ಮಿತೀನ ಎಂಜಿನಿಯರೇ ಕಾಪಾಡ್ಕೋಬೇಕು. ಉಪ್ಪಾಲ್ ಅದನ್ನ ನೋಡಿಕೊಳ್ಳಲ್ಲ, ಆದರೆ ಆ ಮಿತಿ ಬೇಕೂಂತ ಮೊದಲು ಹೇಳಿದ್ದು ಅದೇ" ಎಂದಳು ಹುಡುಗಿ, ಸ್ಕೀವದ ಕಡೆಯ ರೈಲಿಗೆ ಹೊತ್ತಾಯಿತೆಂದು ನನ್ನನ್ನು ಎಬ್ಬಿಸುತ್ತ.