ಅಟ್ಟದಿಂದ ಇಳಿದ ವಾಕರ್

ಅಜ್ಜನ ಕನ್ನಡಕವನ್ನು ಅಜ್ಜಿಯ ಮೂಗಿಗೇರಿಸಿ ‘ಇದರಲ್ಲೇ ನೋಡು’ ಎನ್ನುವ ಮನೆಯವರು ಎಲ್ಲೂ ಸಿಗಲಿಕ್ಕಿಲ್ಲ. ಆದರೆ ಅಜ್ಜ ಬಿಟ್ಟುಹೋದ ವಾಕರ್ ಮಾತ್ರ ಅಟ್ಟದಿಂದ ಇಳಿದು, ಧೂಳು ಒರೆಸಿಸಿಕೊಂಡು, ಅಜ್ಜಿಯ ಕೈಗೆ ಸಲೀಸಾಗಿ ಬಂದುಬಿಡುತ್ತದೆ. ಆಕೆಯ ಎತ್ತರವೆಷ್ಟು, ಸೋತಿರುವುದು ಮಂಡಿಯೋ ಸೊಂಟವೋ ಎಂದು ಯಾರೂ ಕೇಳುವುದಿಲ್ಲ. ಅಂಗಡಿಗೆ ಹೋಗಿ ಹೊಸದನ್ನು ಕೊಳ್ಳುವವರ ವಿಚಾರಣೆಯೂ ‘ರೇಟೆಷ್ಟು, ಮಡಚಬಹುದಾ’ ಎಂಬಲ್ಲಿಗೆ ಮುಗಿಯುತ್ತದೆ. ಬಳಸುವವರ ಮೈಗೂ ಅವರು ಓಡಾಡುವ ನೆಲಕ್ಕೂ ಅಳತೆ ನೋಡಿ ಹೊಂದಿಸಿದಾಗಲೇ ವಾಕರ್ ಆಸರೆಯಾಗುತ್ತದೆ ಎಂಬುದು ನನ್ನ ವಾದ. ಚಕ್ರವಿರುವ ವಾಕರಿನ ಮಟ್ಟಿಗಂತೂ ಈ ಅಳತೆ ತಪ್ಪಿದರೆ ಆಸರೆಯೇ ಅಪಾಯ.

ಚಕ್ರವೇ ಇಲ್ಲದ ವಾಕರನ್ನು ಹೆಜ್ಜೆ ಹೆಜ್ಜೆಗೂ ಎತ್ತಿಡಬೇಕು. ತೋಳು ದಣಿಯುತ್ತದೆ, ಆದರೆ ಇಟ್ಟ ಜಾಗದಿಂದ ಅದು ಸುಲಭಕ್ಕೆ ಕದಲದು. ಮುಂದೆ ಎರಡೇ ಚಕ್ರವಿರುವುದು ನಡುವಿನ ದಾರಿ: ತಳ್ಳಿದರೆ ಸಾಗುತ್ತದೆ, ಭಾರ ಹಾಕಿದರೆ ಹಿಂದಿನ ಕಾಲುಗಳ ರಬ್ಬರ್ ಬುಷ್ ನೆಲವನ್ನು ಕಚ್ಚಿ ಹಿಡಿಯುತ್ತದೆ. ನಾಲ್ಕೂ ಚಕ್ರ, ಕೈಬ್ರೇಕು, ಸೀಟು ಇರುವ ರೋಲೇಟರನ್ನು 1978ರಲ್ಲಿ ರೂಪಿಸಿದವರು ಸ್ವೀಡನ್ನಿನ ಐನಾ ವೀಫಾಲ್ಕ್. ಆಕೆ ಸ್ವತಃ ಪೋಲಿಯೊ ಪೀಡಿತೆ. ನಾಲ್ಕು ಹೆಜ್ಜೆಗೆ ಏದುಸಿರು ಬರುವವರಿಗೆ, ದಾರಿಯಲ್ಲಿ ಕುಳಿತು ದಣಿವಾರಿಸಿಕೊಳ್ಳಬೇಕಾದವರಿಗೆ ಅದು ವರ. ಆದರೆ ಮೈಭಾರವನ್ನೆಲ್ಲ ಕೈಮೇಲೆ ಹಾಕಿ ನಿಲ್ಲುವವರಿಗೆ ಅದು ಒದಗದು. ಒರಗಿದಷ್ಟೂ ಅದು ಮುಂದಕ್ಕೆ ಜಾರುತ್ತದೆ. ಪಾರ್ಕಿನ್ಸನ್ ಕಾಯಿಲೆಯಿಂದ ಹೆಜ್ಜೆ ತಾನಾಗಿ ಓಟಕ್ಕಿಳಿಯುವವರಿಗೆ ಸಲೀಸಾಗಿ ಉರುಳುವ ಚಕ್ರ ಇನ್ನಷ್ಟು ಓಟ ಕಲಿಸೀತು. ಯಾರಿಗೆ ಯಾವುದು ಎಂಬುದನ್ನು ಫಿಸಿಯೋಥೆರಪಿಸ್ಟ್ ನಡಿಗೆ ನೋಡಿ ಹೇಳಬೇಕೇ ಹೊರತು ಅಂಗಡಿಯವರಲ್ಲ.

ಆಯ್ಕೆ ಸರಿಯಾದ ಮೇಲೆ ಎತ್ತರದ ಮಾತು. ನಡೆಯುವಾಗ ಹಾಕುವ ಚಪ್ಪಲಿ ಮೆಟ್ಟಿ, ನೆಟ್ಟಗೆ ನಿಂತು, ತೋಳನ್ನು ಇಳಿಬಿಟ್ಟಾಗ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕಿರಬೇಕು. ಹಿಡಿದಾಗ ಮೊಣಕೈ ಕೊಂಚವೇ ಬಾಗಬೇಕು. ಹಿಡಿಕೆ ತಗ್ಗಾದರೆ ಬೆನ್ನು ಬಾಗಿ ವಾಕರ್ ಮುಂದೆ, ಮನುಷ್ಯ ಹಿಂದೆ. ರೋಲೇಟರಾದರೆ ನಡೆಯಬೇಕಾದದ್ದು ಹಿಂದಿನ ಎರಡು ಚಕ್ರಗಳ ನಡುವೆ. ತರಕಾರಿ ಗಾಡಿ ತಳ್ಳುವ ಹಾಗೆ ದೂರದಿಂದಲ್ಲ. ಸೀಟಿನ ಮೇಲೆ ಕೂರುವ ಮೊದಲು ಎರಡೂ ಬ್ರೇಕ್ ಲಾಕ್ ಆಗಿರಬೇಕು, ಸೀಟು ಕಾಲಿನ ಹಿಂಬದಿಗೆ ತಗುಲಿರಬೇಕು. ಕುರ್ಚಿಯಿಂದ ಏಳುವಾಗ ವಾಕರನ್ನು ಎಳೆದುಕೊಳ್ಳದೆ ಕುರ್ಚಿಯ ಕೈಗಳನ್ನೇ ಒತ್ತಿ ಏಳಬೇಕು. ಹಿಡಿಕೆಗೆ ಕೈಚೀಲ ನೇತುಹಾಕಿದರೆ ಸಮತೋಲ ಕೆಡುತ್ತದೆ. ಬುಟ್ಟಿ ಇರುವುದೇ ಅದಕ್ಕೆ. ಅಜ್ಜಿಯನ್ನು ಸೀಟಿನ ಮೇಲೆ ಕೂರಿಸಿ ಮೊಮ್ಮಗ ತಳ್ಳಿಕೊಂಡು ಹೋಗುವ ಮೋಜು ಸಲ್ಲದು, ಅದು ಗಾಲಿಕುರ್ಚಿಯಲ್ಲ.

ಇಷ್ಟೆಲ್ಲ ಪಾಲಿಸಿದರೂ ಮನೆ ಒಪ್ಪಬೇಕಲ್ಲ? ನಮ್ಮ ಮನೆಗಳಲ್ಲಿ ಚಕ್ರಕ್ಕೆ ಎದುರಾಳಿಗಳು ಬಹಳ: ಹೊಸ್ತಿಲು, ಮಡಚಿಕೊಳ್ಳುವ ಕಾಲೊರೆಸು, ಒದ್ದೆಯಾದ ಟೈಲ್ಸ್, ಇಕ್ಕಟ್ಟಾದ ಬಚ್ಚಲ ಬಾಗಿಲು. ಅಳೆಯದೆ ತಂದ ವಾಕರ್ ಆ ಬಾಗಿಲಲ್ಲೇ ನಿಂತುಬಿಟ್ಟರೆ, ಎಲ್ಲಿ ಜಾರುವ ಭಯ ಹೆಚ್ಚೋ ಅಲ್ಲಿಗೇ ವಯಸ್ಸಾದವರು ಬರಿಗೈಯಲ್ಲಿ ಹೋಗಬೇಕು. ಅಲ್ಲಿ ಗೋಡೆಗೆ ಭದ್ರವಾದ ಹಿಡಿಕಂಬಿ ಹಾಕಿಸುವುದು ವಾಕರ್ ಕೊಂಡಷ್ಟೇ ಮುಖ್ಯ. ‘ಲಕ್ಷ್ಮಿ ಇರುವ ಹೊಸ್ತಿಲನ್ನು ಕಿತ್ತುಹಾಕುವುದೇ?’ ಎಂಬ ಆಕ್ಷೇಪ ಬರುತ್ತದೆ. ಕೀಳಬೇಕಿಲ್ಲ, ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದದ ಲೆಕ್ಕದಲ್ಲಿ ಎರಡೂ ಬದಿಗೆ ಇಳಿಜಾರು ಕೊಟ್ಟರೆ ಲಕ್ಷ್ಮಿಯೂ ಉಳಿದಾಳು, ಚಕ್ರವೂ ದಾಟೀತು.

‘ವಾಕರ್ ಅಭ್ಯಾಸವಾದರೆ ಕಾಲು ಸೋಮಾರಿಯಾಗುತ್ತದೆ’ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ: ಶಸ್ತ್ರಚಿಕಿತ್ಸೆಯಾಗಿ ಚೇತರಿಸಿಕೊಂಡವರು ಹೇಳಿದ ಸಮಯಕ್ಕೆ ಕೋಲಿಗೆ ಇಳಿಯಲೇಬೇಕು. ಆದರೆ ಬೀಳುವ ಭಯಕ್ಕೆ ಮಂಚ ಬಿಟ್ಟೇಳದವರ ಕಾಲು ಇನ್ನೂ ಬೇಗ ಬಲಗುಂದುತ್ತದೆ. ‘ಕೈ ಹಿಡಿಯಲು ನಾವಿದ್ದೇವಲ್ಲ’ ಎನ್ನುವ ಮಕ್ಕಳು ನಡುರಾತ್ರಿ ಬಚ್ಚಲಿಗೆ ಎದ್ದ ತಾಯಿಯ ಪಕ್ಕದಲ್ಲಿ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಮಂದಿ ಬಿದ್ದು ಸಾಯುತ್ತಾರೆ; ಅವರಲ್ಲಿ 60 ದಾಟಿದವರೇ ಹೆಚ್ಚು. ಖರ್ಚಿನ ಮಾತೂ ಸುಳ್ಳಲ್ಲ, ಆದರೆ ಬಡ ಕುಟುಂಬದ ಹಿರಿಯರಿಗೆ ಇಂಥ ಸಾಧನಗಳನ್ನು ಉಚಿತವಾಗಿ ಕೊಡುವ ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದಲೇ ಇದೆ. ಪುಕ್ಕಟೆ ಬಂದದ್ದಾದರೂ ಅಳತೆ ತಪ್ಪುವಂತಿಲ್ಲ. ಸವೆದ ಬುಷ್, ಸಡಿಲವಾದ ಬ್ರೇಕಿನ ತಂತಿ ಬೆಲೆ ನೋಡಿ ಬೀಳಿಸುವುದಿಲ್ಲ. ರೇಟು ವಿಚಾರಿಸುವ ಮೊದಲು ಬಚ್ಚಲ ಬಾಗಿಲಿಗೆ ಟೇಪು ಹಿಡಿದು ಬಂದವರೇ ವಾಕರಿನ ಜಾಣ ಗಿರಾಕಿಗಳು.