2.7 ಗ್ರಾಂ ಚೆಂಡು, ಮೇಲೇಳದ ತೋಳು

ಟೇಬಲ್ ಟೆನಿಸ್ ಚೆಂಡಿನ ತೂಕ ಬರೀ 2.7 ಗ್ರಾಂ. ಅದನ್ನು ಆಡಿ ಭುಜ ಹಿಡ್ಕೊಂಡಿದೆ ಅಂದರೆ ಊರಲ್ಲಿ ನಗುತ್ತಾರೆ. ಕಬಡ್ಡಿಯಲ್ಲಿ ಮಂಡಿಗೆ ಪೆಟ್ಟು ಮಾಡಿಕೊಂಡವನಿಗೆ ಸಿಗುವ ಮರ್ಯಾದೆ ನಮಗಿಲ್ಲ.

ನೋವು ಬರುವುದು ಭಾರಕ್ಕಲ್ಲ, ಒಂದೇ ಕೆಲಸವನ್ನು ನೂರಾರು ಸಲ ಮಾಡುವುದಕ್ಕೆ. ಟೇಬಲ್ಲಿನ ಎತ್ತರ 76 ಸೆಂಟಿಮೀಟರ್, ಅಂದರೆ ಸುಮಾರು ಎರಡೂವರೆ ಅಡಿ. ಮಂಡಿ ಮಡಚಿ, ಸೊಂಟ ಬಗ್ಗಿಸಿಯೇ ನಿಲ್ಲಬೇಕು. ಟಾಪ್‌ಸ್ಪಿನ್ ಹೊಡೆತದ ಬಲ ಕಾಲಿನಿಂದ ಎದ್ದು, ಸೊಂಟ ತಿರುಗಿ, ಭುಜ ದಾಟಿ ಮಣಿಕಟ್ಟಿಗೆ ಬರುತ್ತದೆ. ಸೊಂಟ ತಿರುಗದಿದ್ದರೆ ಅದರ ಪಾಲಿನ ಕೆಲಸವೂ ಭುಜದ ಮೇಲೇ ಬೀಳುತ್ತದೆ. ಭತ್ತ ನಾಟಿ ಮಾಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದೊಂದು ಸಸಿಗೆ ತೂಕವೇ ಇಲ್ಲ, ಸಂಜೆಗೆ ಸೊಂಟ ನೆಟ್ಟಗಾಗುವುದಿಲ್ಲ.

ಸುದ್ದಿ ಕಳಿಸಿದ ಮೇಲೆ ನಾವು ಆಡುವ ಹಾಲ್‌ನದ್ದು ಸಿಮೆಂಟ್ ನೆಲ. ಮರದ ನೆಲವಾದರೆ ಪೆಟ್ಟನ್ನು ಸ್ವಲ್ಪ ಹೀರಿಕೊಳ್ಳುತ್ತದೆ, ಸಿಮೆಂಟ್ ಎಲ್ಲವನ್ನೂ ಮಂಡಿಗೇ ವಾಪಸ್ ಕೊಡುತ್ತದೆ. ನಮಗೆ ಸುದ್ದಿಗೆ ಇಷ್ಟು ಅಂತ ದುಡ್ಡು. ತೋಳು ಕೈಕೊಟ್ಟು ವಾರ ಬೈಕ್ ಓಡಿಸದಿದ್ದರೆ ಆ ವಾರ ಸಂಪಾದನೆಯೂ ಇಲ್ಲ.

ಆದರೂ ನಮ್ಮದು ಬಿಡಿ, ಅದೇ ಟೇಬಲ್ಲಿಗೆ ಬರುವ ಹೈಸ್ಕೂಲ್ ಮಕ್ಕಳದ್ದು ಚಿಂತೆ. ಜಿಲ್ಲಾ ಮಟ್ಟದ ಆಯ್ಕೆ ಹತ್ತಿರ ಬಂದಾಗ ಒಬ್ಬ ಹುಡುಗಿ ತಲೆ ಬಾಚಲು ಗೆಳತಿಯನ್ನು ಕರೆಯುತ್ತಿದ್ದಳು. ತೋಳು ಕಿವಿಯ ತನಕ ಏಳುತ್ತಿರಲಿಲ್ಲ. ಅವಳಿಗೆ ಸಿಕ್ಕಿದ್ದು ಸ್ಪ್ರೇ, ಜೊತೆಗೊಂದು ಮಾತ್ರೆ. ಹೇಳಿದರೆ ಟೀಮಿನಿಂದ ತೆಗೀತಾರೆ ಅಂತ ಭಯ. ಆ ಭಯ ಸುಳ್ಳೂ ಅಲ್ಲ.

ಸ್ಪ್ರೇ ನೋವು ಮರೆಸುತ್ತದೆ, ವಾಸಿ ಮಾಡುವುದಿಲ್ಲ. ಹೊಸದಾಗಿ ಆಡಿದಾಗಿನ ಮೈಕೈ ನೋವು ಎರಡು ಮೂರು ದಿನದಲ್ಲಿ ತಾನೇ ಇಳಿಯುತ್ತದೆ. ಕೀಲಿನಲ್ಲೇ ಚುಚ್ಚಿದರೆ, ಬಾವು ಬಂದರೆ, ರಾತ್ರಿ ಆ ಮಗ್ಗುಲಿಗೆ ಮಲಗಲಾಗದಿದ್ದರೆ, ಬೆರಳು ಜೋಮು ಹಿಡಿದರೆ ಡಾಕ್ಟರಿಗೆ ತೋರಿಸಲೇಬೇಕು. ಮೆಡಿಕಲ್ ಶಾಪಿನಿಂದ ತಂದ ನೋವಿನ ಮಾತ್ರೆ ದಿನಾ ನುಂಗಿದರೆ ಹೊಟ್ಟೆಗೂ ಕಿಡ್ನಿಗೂ ಕೆಟ್ಟದ್ದು. ಬಾವಿದ್ದಾಗ ಬಿಸಿ ಎಣ್ಣೆ ಹಾಕಿ ತಿಕ್ಕುವುದೂ ಬೇಡ.

ಚೀನಾದ ಮಾ ಲಾಂಗ್ ಮಂಡಿ ಆಪರೇಷನ್ ಆದ ಮೇಲೆಯೇ ಟೋಕಿಯೊ ಒಲಿಂಪಿಕ್ಸ್ ಸಿಂಗಲ್ಸ್ ಚಿನ್ನ ಗೆದ್ದದ್ದು. ಅದನ್ನು ಹೇಳಿದಾಗ ಹುಡುಗಿ ನಂಬಲಿಲ್ಲ, ಮೊಬೈಲಲ್ಲಿ ತೋರಿಸಬೇಕಾಯಿತು. ಈ ಸಲದ ಆಯ್ಕೆಗೆ ಅವಳು ಹೋಗಲಿಲ್ಲ. ಎರಡು ದಿನ ಅತ್ತಳಂತೆ. ಈಗ ಫಿಸಿಯೋಥೆರಪಿಯವರು ಹೇಳಿಕೊಟ್ಟಂತೆ ಹಳೇ ಸೈಕಲ್ ಟ್ಯೂಬನ್ನು ಕಿಟಕಿ ಸರಳಿಗೆ ಕಟ್ಟಿ, ಮೆಲ್ಲಗೆ ಎಳೆದು ಬಿಡುತ್ತಾಳೆ. ಎದುರು ಕಿಟಕಿಗೆ ನಮ್ಮದೂ ಒಂದು ಟ್ಯೂಬ್ ಕಟ್ಟಿದೆ.